ಮಾಲ್ಟಿಗೆ ಒದಗುವ ಬಾರ್ಲಿ: ಕಾಳಿನೊಳಗೆ ಜೀನುಗಳು ಮಾಡುವ ಕೆಲಸ

ರಾಜಸ್ಥಾನದಿಂದಲೋ ಹರಿಯಾಣದಿಂದಲೋ ಬಾರ್ಲಿ ಹೊತ್ತ ಲಾರಿ ಮಾಲ್ಟ್ ಕಾರ್ಖಾನೆಯ ಗೇಟಿಗೆ ಬಂದಾಗ ಮೊದಲು ಒಳಗೆ ಹೋಗುವುದು ಲಾರಿಯಲ್ಲ, ಮೂಟೆಗಳಿಂದ ತೆಗೆದ ಒಂದಷ್ಟು ಕಾಳು. ಅದನ್ನು 2.5 ಮಿ.ಮೀ. ಸೀಳಿನ ಜರಡಿಗೆ ಹಾಕಿ ದಪ್ಪ ಕಾಳೆಷ್ಟು, ಜೊಳ್ಳೆಷ್ಟು ಎಂದು ತೂಗುತ್ತಾರೆ. ತೇವ ನೋಡುತ್ತಾರೆ, ಪ್ರೋಟೀನ್ ಅಳೆಯುತ್ತಾರೆ. ಕೆಲವು ಕಾಳುಗಳನ್ನು ಉದ್ದಕ್ಕೆ ಸೀಳಿ ಟೆಟ್ರಜೋಲಿಯಂ ದ್ರಾವಣದಲ್ಲಿ ಅದ್ದುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಜೀವವಿರುವ ಭ್ರೂಣಗಳು ಕೆಂಪಾಗುತ್ತವೆ. ಸತ್ತವು ಬಿಳಿಚಿಕೊಂಡೇ ಇರುತ್ತವೆ. ಆಮೇಲೆ ತಳಿ ಯಾವುದು ಎಂಬ ಪ್ರಶ್ನೆ. ಇಷ್ಟರಲ್ಲಿ ಪಾಸಾದ ಲೋಡು ಮಾಲ್ಟಿನ ಬೆಲೆಗೆ ಹೋಗುತ್ತದೆ, ಫೇಲಾದದ್ದು ದನದ ಮೇವಿನ ಬೆಲೆಗೆ. ಎರಡು ಲೋಡಿನ ಕಾಳನ್ನೂ ಅಂಗೈಯಲ್ಲಿಟ್ಟು ತೋರಿಸಿದರೆ ಸಾಮಾನ್ಯ ಕಣ್ಣಿಗೆ ವ್ಯತ್ಯಾಸವೇ ಕಾಣದು.

ಜರಡಿ, ಪ್ರೋಟೀನ್ ಎಲ್ಲ ಅಲ್ಲೇ ಅಳೆದು ಮುಗಿಸಬಹುದಾದರೆ ತಳಿಯ ಹೆಸರೇಕೆ ಬೇಕು? ಆ ಹೆಸರಿನ ಹಿಂದೆ ಗೇಟಿನಲ್ಲಿ ಅಳೆಯಲಾಗದ ಸಂಗತಿಗಳು ಇರುತ್ತವೆ ಎಂಬ ಕಾರಣಕ್ಕೆ. ಕಾಳು ಎಷ್ಟು ಬೇಗ ಮೊಳೆಯುತ್ತದೆ, ಮೊಳೆತಾಗ ಯಾವ ಕಿಣ್ವಗಳನ್ನು ಎಷ್ಟು ಹೊರಬಿಡುತ್ತದೆ, ಆ ಕಿಣ್ವಗಳು ಎಷ್ಟು ಬಿಸಿ ತಡೆಯುತ್ತವೆ, ಕೋಶಗಳ ಗೋಡೆ ಎಷ್ಟು ಬೇಗ ಕರಗುತ್ತದೆ ಎಂಬುದನ್ನೆಲ್ಲ ಬಹುಮಟ್ಟಿಗೆ ಜೀನುಗಳು ಮೊದಲೇ ತೀರ್ಮಾನಿಸಿರುತ್ತವೆ. ‘ಮಾಲ್ಟ್ ಜೀನ್’ ಎಂಬ ಒಂದು ಜೀನ್ ಬಾರ್ಲಿಯಲ್ಲಿ ಇಲ್ಲ. ಹತ್ತಾರು ಜೀನುಗಳು ಒಂದೇ ವಾರದೊಳಗೆ, ಸರಿಯಾದ ಕ್ರಮದಲ್ಲಿ ಕೆಲಸ ಮುಗಿಸಬೇಕು. ಒಂದು ತಡವಾದರೂ ಉಳಿದವುಗಳ ಶ್ರಮ ಅರ್ಧ ವ್ಯರ್ಥ.

ಮಾಲ್ಟ್ ಎಂದರೇನೆಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉಜ್ಜಿ ತೆಗೆದು, ಹದವಾಗಿ ಹುರಿದು, ಬೀಸಿ ಮಗುವಿಗೆ ಸರಿ ಕಾಯಿಸುವ ಮನೆಗಳಲ್ಲಿ ನಡೆಯುವುದೂ ಇದೇ ಕೆಲಸ. ಮೊಳಕೆಯ ಹಿಟ್ಟಿನ ಸರಿ ತೆಳ್ಳಗಾಗುತ್ತದೆ, ಸ್ವಲ್ಪ ಸಿಹಿಯಾಗುತ್ತದೆ, ಮಗುವಿಗೆ ಬೇಗ ಅರಗುತ್ತದೆ. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1980ರ ದಶಕದಲ್ಲಿ ಕಿರುಧಾನ್ಯಗಳ ಮಾಲ್ಟಿಂಗ್ ಕುರಿತು ಮಾಡಿದ ಕೆಲಸ, ಕಿರುಧಾನ್ಯಗಳಲ್ಲೆಲ್ಲ ರಾಗಿ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ ಎಂಬುದಕ್ಕೆ ವಿಜ್ಞಾನದ ಆಧಾರ ಒದಗಿಸಿತು. ಬಿಯರ್, ವಿಸ್ಕಿ, ಹಾರ್ಲಿಕ್ಸ್‌ನಂಥ ಮಾಲ್ಟ್ ಪೇಯಗಳ ಲೋಕದಲ್ಲಿ ಮಾತ್ರ ಬಾರ್ಲಿಯೇ ಯಜಮಾನ. ಅದರ ಕಿಣ್ವಗಳ ಬಲವೂ ಹೆಚ್ಚು, ಜೊತೆಗೆ ಕಾಳಿಗೆ ಅಂಟಿಕೊಂಡ ಸಿಪ್ಪೆಯ ಅನುಕೂಲವೂ ಇದೆ.

ಕಾರ್ಖಾನೆಯ ಕ್ರಮ ಹೀಗೆ. ಕಾಳಿನ ತೇವ ಸುಮಾರು ಶೇ. 42ರಿಂದ 46ಕ್ಕೆ ಏರುವ ತನಕ ನೀರಿನಲ್ಲಿ ನೆನೆಸುವುದು, ನಡುನಡುವೆ ನೀರು ಬಸಿದು ಗಾಳಿ ಆಡಿಸುವುದು. ನಂತರ 15ರಿಂದ 18 ಡಿಗ್ರಿ ತಂಪಿನಲ್ಲಿ ನಾಲ್ಕೈದು ದಿನ ಮೊಳಕೆ ಬರಿಸುತ್ತಾ ತಿರುವಿ ಹಾಕುವುದು. ಕೊನೆಗೆ ಬಿಸಿಗಾಳಿಯ ಗೂಡಿನಲ್ಲಿ ತೇವವನ್ನು ಶೇ. 4-5ಕ್ಕೆ ಇಳಿಸುವುದು. ಮೊಳಕೆ ಬೆಳೆದು ಸಸಿಯಾಗುವುದು ಯಾರಿಗೂ ಬೇಕಿಲ್ಲ. ಬೇಕಾದದ್ದು ಆ ಮೊಳಕೆಗೆ ಊಟ ಸಿದ್ಧ ಮಾಡಲು ಕಾಳು ತಯಾರಿಸಿದ ಕಿಣ್ವಗಳು, ಮತ್ತು ಆ ಊಟ ಪೂರ್ತಿ ಖಾಲಿಯಾಗುವ ಮೊದಲೇ ಕೆಲಸ ನಿಲ್ಲಿಸುವ ಬಿಸಿ.

ಈಗ ಒಂದು ಕಾಳನ್ನು ಅಡ್ಡಕ್ಕೆ ಎರಡು ತುಂಡು ಮಾಡೋಣ. ಒಂದು ತುಂಡಿನಲ್ಲಿ ಭ್ರೂಣವಿದೆ, ಇನ್ನೊಂದರಲ್ಲಿ ಇಲ್ಲ. ಎರಡರಲ್ಲೂ ಬಹುಪಾಲು ಬಿಳಿ ಪಿಷ್ಟ. ಕಾಳಿನ ತೂಕದಲ್ಲಿ ಶೇ. 60ರಷ್ಟು ಅದೇ. ಕಾಳು ಬಲಿಯುವಷ್ಟರಲ್ಲಿ ಆ ಪಿಷ್ಟದ ಕೋಶಗಳು ಸತ್ತಿರುತ್ತವೆ. ಅವನ್ನು ಸುತ್ತುವರಿದ ಅಲ್ಯುರೋನ್ ಎಂಬ ತೆಳುಪದರ ಮಾತ್ರ ಜೀವಂತ. ಗೋಧಿಯಲ್ಲಿ ಈ ಪದರ ಒಂದೇ ಕೋಶದಷ್ಟು ದಪ್ಪ, ಬಾರ್ಲಿಯಲ್ಲಿ ಸಾಮಾನ್ಯವಾಗಿ ಮೂರು ಕೋಶದಷ್ಟು. ಭ್ರೂಣವಿಲ್ಲದ ತುಂಡನ್ನು ಒದ್ದೆ ಮಾಡಿ ಇಟ್ಟರೆ ದಿನಗಳು ಕಳೆದರೂ ಪಿಷ್ಟ ಹಾಗೆಯೇ ಕೂತಿರುತ್ತದೆ. ಅದೇ ನೀರಿಗೆ ಜಿಬ್ಬರೆಲಿನ್ ಎಂಬ ಸಸ್ಯಹಾರ್ಮೋನನ್ನು ಚೂರು ಹಾಕಿದರೆ ಅಲ್ಯುರೋನ್ ಎಚ್ಚೆತ್ತು ಆಲ್ಫಾ-ಅಮೈಲೇಸ್ ಎಂಬ ಕಿಣ್ವ ಸುರಿಸತೊಡಗುತ್ತದೆ, ಪಿಷ್ಟ ಕರಗಿ ಸಕ್ಕರೆಯಾಗುತ್ತದೆ. 1960ರ ಸುಮಾರಿಗೆ ಜಪಾನಿನ ಯೋಮೊ ಮತ್ತು ಆಸ್ಟ್ರೇಲಿಯದ ಪ್ಯಾಲೆಗ್, ಒಬ್ಬರನ್ನೊಬ್ಬರು ಅವಲಂಬಿಸದೆ, ಇದನ್ನು ತೋರಿಸಿಕೊಟ್ಟರು. ಭ್ರೂಣ ಕಳಿಸುವ ಅಪ್ಪಣೆ ಜಿಬ್ಬರೆಲಿನ್, ಅದನ್ನು ನಡೆಸುವುದು ಅಲ್ಯುರೋನ್. ಸಸ್ಯವಿಜ್ಞಾನದ ಪ್ರಯೋಗಗಳಲ್ಲಿ ಇಷ್ಟು ಸರಳವೂ ಇಷ್ಟು ಅಚ್ಚುಕಟ್ಟೂ ಆದದ್ದು ನನಗೆ ಇನ್ನೊಂದು ಕಂಡಿಲ್ಲ. ಹಲವು ದೇಶಗಳ ಮಾಲ್ಟ್ ಕಾರ್ಖಾನೆಗಳು ನೆನೆಸಿದ ಬಾರ್ಲಿಗೆ ಒಂದಿಷ್ಟು ಜಿಬ್ಬರೆಲಿಕ್ ಆಮ್ಲ ಚಿಮುಕಿಸಿ ಕೆಲಸಕ್ಕೆ ವೇಗ ಕೊಡುವುದಕ್ಕೂ ಇದೇ ತಳಹದಿ.

ಪಿಷ್ಟ ಒಡೆಯುವ ಕಿಣ್ವಗಳಲ್ಲಿ ಮುಖ್ಯವಾದವು ಎರಡು. ಪಿಷ್ಟವನ್ನು ಕವಲೊಡೆದ ಮಣಿಸರ ಎಂದುಕೊಂಡರೆ, ಆಲ್ಫಾ-ಅಮೈಲೇಸ್ ಸರವನ್ನು ಎಲ್ಲೆಂದರಲ್ಲಿ ನಡುವೆ ಕತ್ತರಿಸುತ್ತದೆ. ಬೀಟಾ-ಅಮೈಲೇಸ್ ತುದಿಯಿಂದ ಎರಡೆರಡೇ ಮಣಿ ಬಿಡಿಸುತ್ತದೆ. ಆ ಜೋಡಿಮಣಿಯೇ ಮಾಲ್ಟೋಸ್, ಯೀಸ್ಟಿನ ಮೆಚ್ಚಿನ ಸಕ್ಕರೆ. ಕವಲು ಬಂದ ಜಾಗದಲ್ಲಿ ಎರಡೂ ನಿಂತುಬಿಡುತ್ತವೆ. ಅಲ್ಲಿ ಗಂಟು ಕತ್ತರಿಸುವುದು ಲಿಮಿಟ್ ಡೆಕ್ಸ್‌ಟ್ರಿನೇಸ್ ಎಂಬ ಮೂರನೆಯ ಕಿಣ್ವ.

ಈ ಕಿಣ್ವಗಳ ಹುಟ್ಟು ಒಂದೇ ಬಗೆಯದಲ್ಲ. ಆಲ್ಫಾ ಒಣ ಕಾಳಿನಲ್ಲಿ ಇರುವುದೇ ಇಲ್ಲವೆನ್ನಬಹುದು. ಮೊಳಕೆಯ ಹೊತ್ತಿಗೆ ಅಲ್ಯುರೋನ್ ಅದನ್ನು ಹೊಸದಾಗಿ ತಯಾರಿಸುತ್ತದೆ. ಅದರ ಜೀನುಗಳ ಮುಖ್ಯ ಗುಂಪುಗಳಿರುವುದು 6ಎಚ್ ಮತ್ತು 7ಎಚ್ ವರ್ಣತಂತುಗಳಲ್ಲಿ. ಬಾರ್ಲಿಯ ಏಳು ಜೋಡಿ ವರ್ಣತಂತುಗಳನ್ನು 1ಎಚ್‌ನಿಂದ 7ಎಚ್‌ವರೆಗೆ ಎಣಿಸುವುದು ರೂಢಿ. ಬೀಟಾ ಹಾಗಲ್ಲ. ಕಾಳು ಹೊಲದಲ್ಲಿ ಹಾಲುಗಟ್ಟುವಾಗಲೇ ಅದು ಪ್ರೋಟೀನಾಗಿ ಸಂಗ್ರಹವಾಗುತ್ತದೆ, ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡು ಕೆಲಸವಿಲ್ಲದೆ ಕೂತಿರುತ್ತದೆ. ಮೊಳಕೆ ಬಂದು ಪ್ರೋಟೀನ್ ಒಡೆಯುವ ಕಿಣ್ವಗಳು ಬಿಡುಗಡೆ ಮಾಡಿದ ಮೇಲೆ ಅದರ ಸೇವೆ ಶುರು. ಹೊಲದಲ್ಲಿ ಬೆಳೆಗೆ ಸಾರಜನಕ ಹೆಚ್ಚು ಸಿಕ್ಕಿದರೆ ಕಾಳಿನಲ್ಲಿ ಬೀಟಾ ಹೆಚ್ಚುತ್ತದೆ. ಪ್ರೋಟೀನ್ ಹೆಚ್ಚಿದರೆ ಕಿಣ್ವವೂ ಹೆಚ್ಚೀತು, ಆದರೆ ಪಿಷ್ಟಕ್ಕೆ ಜಾಗ ಕಡಿಮೆಯಾಗುತ್ತದೆ. ಮಾಲ್ಟ್ ಬಾರ್ಲಿಯ ಎಷ್ಟೋ ಜಗಳಗಳ ಬುಡ ಇಲ್ಲಿದೆ.

ಬೀಟಾ-ಅಮೈಲೇಸಿನ ಜೀನ್ 4ಎಚ್ ವರ್ಣತಂತುವಿನ ಉದ್ದ ತೋಳಿನ ತುದಿಯಲ್ಲಿದೆ. ಮಾಲ್ಟ್ ಗುಣದ ಇಡೀ ಕಥೆಯಲ್ಲಿ ಅತಿ ಸ್ಪಷ್ಟವಾಗಿ ಬಿಡಿಸಿದ ಅಧ್ಯಾಯ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಬಿಯರ್ ಮಾಡುವವರು ಮಾಲ್ಟನ್ನು ಒಡೆದು ಬಿಸಿನೀರಿನಲ್ಲಿ ಕಲಸುತ್ತಾರೆ. ಬಾರ್ಲಿಯ ಪಿಷ್ಟ ಗಂಜಿಯಂತೆ ಬಿರಿಯಲು ಸುಮಾರು 60ರಿಂದ 65 ಡಿಗ್ರಿ ಬಿಸಿ ಬೇಕು. ಬಿರಿಯದ ಪಿಷ್ಟದ ಹತ್ತಿರ ಕಿಣ್ವ ಸುಳಿಯಲಾರದು. ಅತ್ತ ಬೀಟಾ-ಅಮೈಲೇಸ್ ಸಾಯತೊಡಗುವುದೂ ಸರಿಸುಮಾರು ಅದೇ ಬಿಸಿಯಲ್ಲಿ. ಊಟ ಬಡಿಸುವ ಹೊತ್ತಿಗೆ ಉಣ್ಣುವವನಿಗೆ ಪ್ರಜ್ಞೆ ತಪ್ಪುವ ಪರಿಸ್ಥಿತಿ. ಆಲ್ಫಾ ಇನ್ನಷ್ಟು ಬಿಸಿ ತಡೆಯುತ್ತದೆಯಾದರೂ ಅದೊಂದರಿಂದಲೇ ಯೀಸ್ಟಿಗೆ ಬೇಕಾದಷ್ಟು ಮಾಲ್ಟೋಸ್ ಸಿಗುವುದಿಲ್ಲ. ಅರೆಬರೆ ಕತ್ತರಿಸಿದ ಡೆಕ್ಸ್‌ಟ್ರಿನ್ ಉಳಿಯುತ್ತದೆ, ಅದನ್ನು ಯೀಸ್ಟ್ ಮುಟ್ಟದು, ಹುದುಗು ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಬೀಟಾ ಒಂದೆರಡು ಡಿಗ್ರಿ ಹೆಚ್ಚು ಬಿಸಿ ತಾಳಿದರೂ, ಇನ್ನು ಕೆಲವು ನಿಮಿಷ ಹೆಚ್ಚು ಬದುಕಿದರೂ, ಬಿಯರ್ ತಯಾರಕರಿಗೆ ಅದು ದೊಡ್ಡ ಲಾಭ.

ಆ ತಾಳಿಕೆ ತಳಿಯಿಂದ ತಳಿಗೆ ಬದಲಾಗುತ್ತದೆ ಎಂಬುದನ್ನು 1990ರ ದಶಕದಲ್ಲಿ ಜಪಾನಿನ ಬಿಯರ್ ಕಂಪನಿಯ ಪ್ರಯೋಗಾಲಯ ಮತ್ತು ಆಸ್ಟ್ರೇಲಿಯದ ಅಡಿಲೇಡ್‌ನ ತಳಿವಿಜ್ಞಾನಿಗಳು ಬಿಡಿಸಿ ಇಟ್ಟರು. ಬಾರ್ಲಿಯಲ್ಲಿ ಈ ಕಿಣ್ವದ ಕೆಲವೇ ರೂಪಗಳಿವೆ. ಒಂದು ಬೇಗ ಸಾಯುತ್ತದೆ, ಒಂದು ಮಧ್ಯಮ, ಇನ್ನೊಂದು ಗಟ್ಟಿ. ಅವುಗಳ ನಡುವಣ ಅಂತರ ಐನೂರಕ್ಕೂ ಹೆಚ್ಚು ಅಮೈನೊ ಆಮ್ಲಗಳ ಸಾಲಿನಲ್ಲಿ ಬೆರಳೆಣಿಕೆಯಷ್ಟು ಜಾಗಗಳ ಬದಲಾವಣೆ ಮಾತ್ರ. ಹರುನಾ ನಿಜೊ ಎಂಬ ಜಪಾನಿ ತಳಿಯಲ್ಲಿದ್ದುದು ಗಟ್ಟಿ ರೂಪ. ಅದಕ್ಕಿಂತಲೂ ಬಿಸಿ ತಾಳುವ ರೂಪ ಸಿಕ್ಕಿದ್ದು ಯಾರೂ ಬಿತ್ತದ, ಪಶ್ಚಿಮ ಏಷ್ಯಾದಲ್ಲಿ ತಾನಾಗಿ ಬೆಳೆಯುವ ಕಾಡು ಬಾರ್ಲಿಯಲ್ಲಿ. ಹತ್ತು ಸಾವಿರ ವರ್ಷ ಕೃಷಿ ಮಾಡಿದ ನಾವು ಬಿಯರಿಗೆ ಬೇಕಾದ ಗುಣವನ್ನು ಹೊಲದ ಹೊರಗೇ ಬಿಟ್ಟು ಬಂದಿದ್ದೆವು. ಡಿಎನ್‌ಎಯಲ್ಲಿ ಈ ವ್ಯತ್ಯಾಸ ಗುರುತಿಸುವ ಪರೀಕ್ಷೆ ಸುಲಭ. ಎಳೆ ಸಸಿಯ ಎಲೆಯ ಒಂದು ಚೂರು ಸಾಕು, ಯಾವ ಸಸಿಯಲ್ಲಿ ಗಟ್ಟಿ ರೂಪವಿದೆ ಎಂದು ತೆನೆ ಬರುವ ಮೊದಲೇ ತಿಳಿಯುತ್ತದೆ.

ಪಿಷ್ಟದ ಹರಳು ಕಿಣ್ವದ ಕೈಗೆ ಸಿಗಬೇಕಾದರೆ ಮೊದಲು ಕೋಶದ ಗೋಡೆ ಬೀಳಬೇಕು. ಬಾರ್ಲಿಯ ಪಿಷ್ಟಕೋಶದ ಗೋಡೆಯಲ್ಲಿ ಬಹುಪಾಲು ಇರುವುದು ಬೀಟಾ-ಗ್ಲೂಕಾನ್. ಮೊಳಕೆಯಲ್ಲಿ ಅದು ಸರಿಯಾಗಿ ಕರಗದಿದ್ದರೆ ಮಾಲ್ಟಿನಲ್ಲಿ ಗಟ್ಟಿ ತುದಿಗಳು ಉಳಿಯುತ್ತವೆ, ರಸ ಲೋಳೆಯಾಗುತ್ತದೆ, ಸೋಸುವ ತೊಟ್ಟಿ ಕಟ್ಟಿಕೊಂಡು ಗಂಟೆಗಟ್ಟಲೆ ಕೆಲಸ ನಿಲ್ಲುತ್ತದೆ. ಈ ಗ್ಲೂಕಾನನ್ನು ನೇಯುವ ಮುಖ್ಯ ಜೀನ್ 7ಎಚ್‌ನಲ್ಲಿದೆ. ಅದನ್ನು ಕರಗಿಸುವ ಗ್ಲೂಕನೇಸ್ ಕಿಣ್ವಗಳ ಜೀನುಗಳು ಬೇರೆ ಕಡೆ. ತಳಿಗಾರ ನೇಯ್ಗೆ ಕಡಿಮೆ ಮಾಡಬಹುದು, ಇಲ್ಲವೇ ಕರಗಿಸುವ ಕಿಣ್ವದ ಬಲ ಹೆಚ್ಚಿಸಬಹುದು. ಗ್ಲೂಕನೇಸ್ ಬಿಸಿಗೆ ತೀರಾ ಅಂಜುಬುರುಕ, ಗೂಡಿನಲ್ಲೇ ಬಹಳಷ್ಟು ನಾಶವಾಗುತ್ತದೆ. ಹಾಗಾಗಿ ಮೊಳಕೆಯ ನಾಲ್ಕೈದು ದಿನಗಳಲ್ಲೇ ಅದರ ಕೆಲಸ ಮುಗಿದಿರಬೇಕು. ಇದೇ ಬೀಟಾ-ಗ್ಲೂಕಾನ್ ಹೃದ್ರೋಗದ ಅಪಾಯ ತಗ್ಗಿಸಬಹುದು ಎಂದು ಬಾರ್ಲಿ ಆಹಾರಗಳ ಮೇಲೆ ಬರೆದುಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2006ರಲ್ಲಿ ಅನುಮತಿ ಕೊಟ್ಟಿತು. ಬಾರ್ಲಿ ಗಂಜಿ ಕುಡಿಯುವವರಿಗೆ ಹೆಚ್ಚು ಗ್ಲೂಕಾನಿನ ತಳಿ ಒಳ್ಳೆಯದು, ಮಾಲ್ಟಿನವರಿಗೆ ಕಡಿಮೆಯದು. ‘ಒಳ್ಳೆಯ ಬಾರ್ಲಿ’ ಎಂದು ಯಾರಾದರೂ ಹೇಳಿದರೆ ಯಾತಕ್ಕೆ ಎಂದು ಕೇಳಲೇಬೇಕು.

ಪ್ರೋಟೀನಿನ ವಿಷಯದಲ್ಲಿ ಮಾಲ್ಟ್ ಲೋಕದ ಬೇಡಿಕೆ ಸಾಮಾನ್ಯವಾಗಿ ಶೇ. 9.5ರಿಂದ 12ರ ಒಳಗೆ. ಹೆಚ್ಚಾದರೆ ಪಿಷ್ಟ ಕುಗ್ಗುತ್ತದೆ, ಬಿಯರ್ ಮಬ್ಬಾಗುತ್ತದೆ, ಕಾಳು ನೀರು ಹೀರುವುದೂ ನಿಧಾನ. ತೀರಾ ಕಡಿಮೆಯಾದರೆ ಕಿಣ್ವ ಸಾಲದು, ಯೀಸ್ಟಿಗೆ ಸಾರಜನಕ ಸಾಲದು, ನೊರೆ ನಿಲ್ಲದು. 6ಎಚ್ ವರ್ಣತಂತುವಿನಲ್ಲಿ ಒಂದು ಜೀನ್ ಇದೆ. ಎಲೆಗಳು ಯಾವಾಗ ಮುದಿಯಾಗಿ ತಮ್ಮ ಸಾರಜನಕವನ್ನು ತೆನೆಗೆ ಸಾಗಿಸಬೇಕು ಎಂಬುದರಲ್ಲಿ ಅದರ ಕೈವಾಡವಿದೆ. ಅದರ ನಿಧಾನಗತಿಯ ರೂಪವಿದ್ದ ಕಾರ್ಲ್ ಎಂಬ ಅಮೆರಿಕನ್ ತಳಿಯ ಕಾಳಿನಲ್ಲಿ ಪ್ರೋಟೀನ್ ಕಡಿಮೆ. ಆದರೆ ಪ್ರೋಟೀನಿನ ಮೇಲೆ ಜೀನಿಗಿಂತ ಹೊಲದ ಹಿಡಿತವೇ ಬಲ. ಯೂರಿಯಾ ಎಷ್ಟು ಹಾಕಿದರು, ಯಾವಾಗ ಹಾಕಿದರು, ಕಾಳು ತುಂಬುವ ಹೊತ್ತಿಗೆ ಬಿಸಿಲು ಎಷ್ಟಿತ್ತು ಎಂಬುದು ಒಂದೇ ತಳಿಯನ್ನು ಪಾಸು ಮಾಡಿಸಬಲ್ಲದು, ಫೇಲೂ ಮಾಡಿಸಬಲ್ಲದು.

ಮೊಳೆಯುವ ಗುಣದ್ದು ಇನ್ನೊಂದು ಇಕ್ಕಟ್ಟು. ಕಾರ್ಖಾನೆಗೆ ಬೇಕಾದದ್ದು ನೀರು ಕಂಡೊಡನೆ ಎಲ್ಲ ಕಾಳೂ ಒಟ್ಟಿಗೆ ಮೊಳೆಯುವ ಬಾರ್ಲಿ. ಹತ್ತು ಕಾಳು ಇಂದು, ಹತ್ತು ನಾಳಿದ್ದು ಮೊಳೆತರೆ ಕೆಲವು ಅತಿಯಾಗಿ, ಕೆಲವು ಹಸಿಯಾಗಿ ಉಳಿಯುತ್ತವೆ. ಆದರೆ ಅಷ್ಟು ಆತುರದ ಕಾಳು ಕೊಯ್ಲಿನ ಮುಂಚೆ ಮಳೆ ಬಿದ್ದರೆ ತೆನೆಯಲ್ಲೇ ಮೊಳೆತುಬಿಡುತ್ತದೆ, ರೈತನ ಬೆಳೆ ಹಾಳು. ಕಾಡು ಬಾರ್ಲಿಗೆ ಗಾಢ ನಿದ್ರೆ. ಉದುರಿದ ಬೇಸಿಗೆಯಲ್ಲಿ ಮೊಳೆಯದೆ ಮಳೆಗಾಲಕ್ಕೆ ಕಾಯುತ್ತದೆ. ಸಾಗುವಳಿಯ ಬಾರ್ಲಿ ಆ ನಿದ್ರೆಯನ್ನು ಕಳೆದುಕೊಳ್ಳುತ್ತಾ ಬಂದಿತು. ಇದನ್ನು ನಿಯಂತ್ರಿಸುವ ಎರಡು ಮುಖ್ಯ ತಾಣಗಳು 5ಎಚ್ ವರ್ಣತಂತುವಿನಲ್ಲಿವೆ. 2016ರಲ್ಲಿ ಜಪಾನಿನ ಎರಡು ತಂಡಗಳು ಎರಡರ ಜೀನನ್ನೂ ಗುರುತಿಸಿದವು. ಒಂದು ಅಲನಿನ್ ಅಮಿನೊಟ್ರಾನ್ಸ್‌ಫರೇಸ್ ಎಂಬ ಕಿಣ್ವದ್ದು, ಇನ್ನೊಂದು ಕೋಶದೊಳಗೆ ಸಂದೇಶ ಸಾಗಿಸುವ ಒಂದು ಕೈನೇಸಿನದು. ಕೊಯ್ಲಿಗೆ ಮಳೆ ಎದುರಾಗುವ ಪೂರ್ವ ಏಷ್ಯಾದಲ್ಲಿ ಈ ಕೈನೇಸಿನ ನಿದ್ರೆ ಕೊಡುವ ರೂಪವೇ ರೈತರ ಆಯ್ಕೆಯಲ್ಲಿ ಉಳಿದುಕೊಂಡಿತು. ತಳಿಗಾರನಿಗೆ ಬೇಕಾದದ್ದು ಹೊಲದಲ್ಲಿ ನಿದ್ರೆ ಮಾಡಿ, ಗೋದಾಮಿನಲ್ಲಿ ಕೆಲವು ವಾರ ಕಳೆದ ಮೇಲೆ ಪೂರ್ತಿ ಎಚ್ಚರಾಗುವ ಕಾಳು. ಹೇಳಲು ಸುಲಭ.

ತೆನೆಯ ಆಕಾರವೂ ಮುಖ್ಯ. ಎರಡು ಸಾಲಿನ ಬಾರ್ಲಿಯ ಕಾಳುಗಳು ಒಂದೇ ಗಾತ್ರದವು, ದಪ್ಪ. ಆರು ಸಾಲಿನ ತೆನೆಯಲ್ಲಿ ಪಕ್ಕದ ಕಾಳುಗಳು ಒತ್ತಡದಲ್ಲಿ ಬೆಳೆದು ಸಣ್ಣಗೆ, ಸೊಟ್ಟಗೆ ಇರುತ್ತವೆ. 2ಎಚ್‌ನಲ್ಲಿರುವ ಒಂದು ಜೀನ್ ಕೆಟ್ಟುಹೋದದ್ದರಿಂದ ಆರು ಸಾಲು ಹುಟ್ಟಿತು ಎಂದು 2007ರಲ್ಲಿ ಗೊತ್ತಾಯಿತು. ಸಿಪ್ಪೆ ಅಂಟಿಕೊಳ್ಳಬೇಕೋ ಬೇಡವೋ ಎಂಬುದನ್ನು 7ಎಚ್‌ನ ಇನ್ನೊಂದು ಜೀನ್ ನಿರ್ಧರಿಸುತ್ತದೆ. ಲಡಾಖ್, ಟಿಬೆಟ್‌ಗಳಲ್ಲಿ ಹುರಿದು ಹಿಟ್ಟು ಮಾಡುವ ಬಾರ್ಲಿಗೆ ಸಿಪ್ಪೆ ಅಂಟಿರುವುದಿಲ್ಲ, ತಿನ್ನಲು ಅದೇ ಅನುಕೂಲ. ಮಾಲ್ಟಿಗೆ ಅಂಟಿದ ಸಿಪ್ಪೆ ಬೇಕು, ಏಕೆಂದರೆ ಬಿಯರಿನ ತೊಟ್ಟಿಯಲ್ಲಿ ರಸ ಸೋಸುವ ಹಾಸು ಅದೇ.

ರುಚಿಗೂ ಜೀನ್ ಉಂಟು. ಹಳೆಯ ಬಿಯರಿಗೆ ಒದ್ದೆ ರಟ್ಟಿನಂಥ ವಾಸನೆ ಬರುವುದಕ್ಕೆ ಬಾರ್ಲಿಯ ಕೊಬ್ಬನ್ನು ಕೆಡಿಸುವ ಲಿಪಾಕ್ಸಿಜನೇಸ್ ಎಂಬ ಕಿಣ್ವ ಒಂದು ಕಾರಣ. ಆ ಕಿಣ್ವವಿಲ್ಲದ ಬಾರ್ಲಿಯನ್ನು ಹುಡುಕಿ, ಜಪಾನಿನ ಸಪೊರೊ ಬಿಯರ್ ಕಂಪನಿ ಮತ್ತು ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯ ಸೇರಿ ಸಿಡಿಸಿ ಪೋಲಾರ್‌ಸ್ಟಾರ್ ಎಂಬ ತಳಿ ತಂದವು. ಸ್ಕಾಚ್ ವಿಸ್ಕಿಯವರ ಚಿಂತೆ ಬೇರೆ. ಬಾರ್ಲಿಯ ಮೊಳಕೆಯಲ್ಲಿರುವ ಎಪಿಹೆಟರೊಡೆಂಡ್ರಿನ್ ಎಂಬ ವಸ್ತು ಬಟ್ಟಿ ಇಳಿಸುವಾಗ ಈಥೈಲ್ ಕಾರ್ಬಮೇಟ್ ಎಂಬ ಬೇಡದ ವಸ್ತುವಿಗೆ ದಾರಿ ಮಾಡುತ್ತದೆ. ಅದನ್ನು ತಯಾರಿಸದ ತಳಿಗಳನ್ನೇ ಅಲ್ಲಿ ಈಗ ಆರಿಸಿಕೊಳ್ಳುತ್ತಾರೆ.

ಇಷ್ಟು ಗುಣಗಳನ್ನು ಒಂದೇ ಗಿಡದಲ್ಲಿ ಕೂಡಿಸುವುದು ಹೇಗೆ? ಹಳೆಯ ಕಾಲದಲ್ಲಿ ಕಣ್ಣು, ಕೈ ಮತ್ತು ತಾಳ್ಮೆ. ಇಂಗ್ಲೆಂಡಿನ ಬೀವನ್ 1905ರಲ್ಲಿ ಪ್ಲೂಮೇಜ್ ಮತ್ತು ಆರ್ಚರ್ ಎಂಬ ಎರಡು ಬಾರ್ಲಿಗಳನ್ನು ಕೂಡಿಸಿ ಮಾಡಿದ ತಳಿ ದಶಕಗಳ ಕಾಲ ಅಲ್ಲಿನ ಮಾಲ್ಟಿನ ಅಳತೆಗೋಲಾಗಿತ್ತು. ಅವರೊಂದಿಗೆ ಕೆಲಸ ಮಾಡಿದ ಗಿನ್ನೆಸ್ ಕಂಪನಿಯ ನೌಕರ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಒಂದು ಲೇಖನ ಬರೆದರು. ಸಣ್ಣ ಮಾದರಿಗಳಿಂದ ಎಷ್ಟರ ಮಟ್ಟಿಗೆ ತೀರ್ಮಾನಕ್ಕೆ ಬರಬಹುದು ಎಂಬುದು ಅದರ ವಿಷಯ. ಇಂದು ಸಂಖ್ಯಾಶಾಸ್ತ್ರದ ಮೊದಲ ತರಗತಿಯಲ್ಲೇ ಕಲಿಸುವ ಟಿ-ಪರೀಕ್ಷೆಯ ಮೂಲ ಅದು. ಎಂಬಿಬಿಎಸ್ ವಿದ್ಯಾರ್ಥಿಗಳೂ ಅರ್ಥಶಾಸ್ತ್ರದವರೂ ಒದ್ದಾಡುವ ಆ ಪರೀಕ್ಷೆ ಬಿಯರ್ ಕಂಪನಿಯೊಂದರ ಅಗತ್ಯಗಳಿಂದ ಹುಟ್ಟಿತು ಎಂದರೆ ಅವರಿಗೆ ಸ್ವಲ್ಪ ಸಮಾಧಾನವಾದೀತು.

ನಂತರ ಬಂದದ್ದು ವಿಕಿರಣದ ಕಾಲ. ಚೆಕೊಸ್ಲೊವಾಕಿಯದಲ್ಲಿ ವಾಲ್ಟಿಟ್ಸ್ಕಿ ಎಂಬ ತಳಿಯ ಬೀಜಕ್ಕೆ ಎಕ್ಸ್-ರೇ ಹಾಯಿಸಿ ಪಡೆದ ಡಯಮಂಟ್ 1965ರಲ್ಲಿ ಬಿಡುಗಡೆಯಾಯಿತು. ತಾಯಿಗಿಂತ ಸುಮಾರು 15 ಸೆಂ.ಮೀ. ಗಿಡ್ಡ, ಮಾಲ್ಟಿಗೂ ಒಳ್ಳೆಯದು. ಸ್ಕಾಟ್ಲೆಂಡಿನ ವಿಸ್ಕಿಗೆ ಹೆಸರು ತಂದ ಗೋಲ್ಡನ್ ಪ್ರಾಮಿಸ್ ತಳಿ ಗಾಮಾ ಕಿರಣದ ಕೂಸು. ಗಿಡ್ಡತನದಲ್ಲಿ ಒಂದು ಕುತೂಹಲವಿದೆ. ಡಯಮಂಟ್‌ನ ಗಿಡ್ಡತನಕ್ಕೆ ಕಾರಣ 3ಎಚ್‌ನಲ್ಲಿ ಜಿಬ್ಬರೆಲಿನ್ ತಯಾರಿಸುವ ಜೀನ್ ದುರ್ಬಲವಾದದ್ದು. ಮೊಳಕೆಗೆ ಅಪ್ಪಣೆ ಕೊಡುವುದೂ ಅದೇ ಜಿಬ್ಬರೆಲಿನ್! ಹಾಗಿದ್ದರೆ ಗಿಡ್ಡ ಬಾರ್ಲಿ ಮಾಲ್ಟಿಗೆ ಬರಬಾರದಿತ್ತು. ಆದರೆ ಡಯಮಂಟ್‌ನಲ್ಲಿ ಜೀನ್ ಕುಂಟಿದೆ, ಸತ್ತಿಲ್ಲ. ಅದೇ ಜೀನ್ ಪೂರ್ತಿ ಅಳಿಸಿಹೋದ ಇನ್ನೊಂದು ಗಿಡ್ಡ ರೂಪವೂ ಉಂಟು. ಅದು ಹೆಚ್ಚಾಗಿ ಮೇವಿನ ತಳಿಗಳಲ್ಲೇ ಉಳಿಯಿತು. ಒಂದೇ ಜೀನಿನ ಎರಡು ಪೆಟ್ಟುಗಳಲ್ಲಿ ಒಂದು ಬಿಯರಿಗೆ, ಇನ್ನೊಂದು ಹಟ್ಟಿಗೆ.

ಮಾಲ್ಟ್ ಗುಣದ ಜೀನುಗಳನ್ನು ನಕ್ಷೆಯ ಮೇಲೆ ಹಿಡಿಯುವ ದೊಡ್ಡ ಪ್ರಯತ್ನ ಉತ್ತರ ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆಯಿತು. ಇಳುವರಿಗೆ ಹೆಸರಾದ ಮೇವಿನ ತಳಿ ಸ್ಟೆಪ್ಟೋ, ಮಾಲ್ಟಿಗೆ ಹೆಸರಾದ ಮೋರೆಕ್ಸ್, ಇವೆರಡನ್ನೂ ಕೂಡಿಸಿ 150 ಸಂತತಿಗಳನ್ನು ಮಾಡಿದರು. ಸಾಮಾನ್ಯ ಕ್ರಮದಲ್ಲಿ ಒಂದು ಸಂತತಿ ಶುದ್ಧವಾಗಲು ಆರೇಳು ತಲೆಮಾರು ಬೇಕು. 1970ರಲ್ಲಿ ಕೆನಡಾದ ಕಾಶಾ ಮತ್ತು ಕಾವೊ ಒಂದು ಅಡ್ಡದಾರಿ ಕಂಡುಕೊಂಡಿದ್ದರು. ಬಾರ್ಲಿಗೆ ಅದರ ಕಾಡು ನೆಂಟನೊಬ್ಬನ ಪರಾಗ ಹಾಕಿದರೆ ಭ್ರೂಣವೇನೋ ಹುಟ್ಟುತ್ತದೆ, ಆದರೆ ಬೆಳೆಯುತ್ತಾ ಆ ನೆಂಟನ ವರ್ಣತಂತುಗಳೆಲ್ಲ ಕಳಚಿ ಹೋಗಿ ತಾಯಿಯ ಒಂದು ಕಟ್ಟು ಮಾತ್ರ ಉಳಿಯುತ್ತದೆ. ಅದನ್ನು ಕಾಲ್ಚಿಸಿನ್ ಎಂಬ ರಾಸಾಯನಿಕದಿಂದ ಇಮ್ಮಡಿಸಿದರೆ ಒಂದೇ ಹೆಜ್ಜೆಯಲ್ಲಿ ಶುದ್ಧ ಸಂತತಿ ಸಿದ್ಧ. ಆ 150 ಸಂತತಿಗಳನ್ನು ಹಲವು ಕಡೆ ಬೆಳೆದು, ಮಾಲ್ಟ್ ಮಾಡಿ, ಅಳೆದು ನೋಡಿದಾಗ ಮಾಲ್ಟ್ ಗುಣದ ತಾಣಗಳು ಒಂದೆರಡು ಕಡೆ ಗುಂಪುಗೂಡಿರಲಿಲ್ಲ, ಹಲವು ವರ್ಣತಂತುಗಳಲ್ಲಿ ಚದುರಿದ್ದವು. ಕೆಲವು ಕಡೆ ಒಳ್ಳೆಯ ಇಳುವರಿಯ ಜೀನ್ ಮತ್ತು ಕೆಟ್ಟ ಮಾಲ್ಟಿನ ಜೀನ್ ಅಕ್ಕಪಕ್ಕ ಕೂತಿದ್ದವು. ಒಂದನ್ನು ತಂದರೆ ಇನ್ನೊಂದೂ ಹಿಂದೆಯೇ ಬರುತ್ತದೆ.

ಇದೇ ಮೋರೆಕ್ಸ್ ಬಾರ್ಲಿಯ ಜೀನೋಮ್ ಓದಿಗೂ ಆಧಾರವಾಯಿತು. ಸುಮಾರು 510 ಕೋಟಿ ಅಕ್ಷರಗಳ ಈ ಜೀನೋಮ್ ಮನುಷ್ಯನದ್ದಕ್ಕಿಂತ ಒಂದೂವರೆ ಪಟ್ಟಿಗಿಂತ ದೊಡ್ಡದು, ಬಹುಪಾಲು ಪುನರಾವರ್ತನೆ. 2017ರಲ್ಲಿ ವರ್ಣತಂತುಗಳ ಕ್ರಮದಲ್ಲಿ ಓದು ಪ್ರಕಟವಾದಾಗ ಸುಮಾರು 39 ಸಾವಿರ ಜೀನುಗಳು ಪಟ್ಟಿಯಾದವು. ಒಂದೇ ತಳಿಯ ಓದು ಸಾಲದೆಂದು 2020ರಲ್ಲಿ 20, 2024ರಲ್ಲಿ 76 ಬಾರ್ಲಿಗಳ ಜೀನೋಮ್ ಹೊರಬಂದವು. ಡಯಮಂಟ್‌ನ 7ಎಚ್ ವರ್ಣತಂತುವಿನಲ್ಲಿ 14 ಕೋಟಿ ಅಕ್ಷರಗಳಷ್ಟು ಉದ್ದದ ತುಂಡು ತಲೆಕೆಳಗಾಗಿ ತಿರುಗಿ ಕೂತಿದೆ ಎಂಬುದು, ಅದು ಬಿಡುಗಡೆಯಾಗಿ ಐವತ್ತೈದು ವರ್ಷಗಳ ಮೇಲೆ, ಹೀಗೆ ಹೊರಬಿತ್ತು. ಅಷ್ಟರಲ್ಲಿ ಅದರ ಮಕ್ಕಳು ಮೊಮ್ಮಕ್ಕಳು ಯುರೋಪಿನ ಹೊಲಗಳನ್ನು ತುಂಬಿದ್ದವು. ಆಲ್ಫಾ-ಅಮೈಲೇಸಿನ ಒಂದು ಜೀನ್ ಕೆಲವು ಬಾರ್ಲಿಗಳಲ್ಲಿ ಕಡಿಮೆ ಪ್ರತಿಗಳಾಗಿದ್ದರೆ ಇನ್ನು ಕೆಲವುಗಳಲ್ಲಿ ಹೆಚ್ಚು ಪ್ರತಿಗಳಾಗಿ 6ಎಚ್‌ನಲ್ಲಿ ಸಾಲುಗಟ್ಟಿದೆ ಎಂಬುದೂ 2024ರ ಓದಿನಲ್ಲಿ ಸ್ಪಷ್ಟವಾಯಿತು.

ಇಷ್ಟೆಲ್ಲ ತಿಳಿದ ಮೇಲೂ ಹೊಸ ತಳಿಯ ಕೊನೆಯ ಪರೀಕ್ಷೆ ನಡೆಯುವುದು ಪುಟ್ಟ ಮಾಲ್ಟ್ ಯಂತ್ರದಲ್ಲೇ. ಒಂದು ಹಿಡಿ ಕಾಳು ಸಾಕೆನಿಸಿದರೂ, ಒಂದು ಗಿಡದ ಕಾಳು ಬಿತ್ತನೆಗೇ ಸಾಲದ ಮೊದಲ ತಲೆಮಾರುಗಳಲ್ಲಿ ಅಷ್ಟು ಸಿಗುವುದಿಲ್ಲ. ಡಿಎನ್‌ಎ ಗುರುತುಗಳಿಗೆ ಬೆಲೆ ಬಂದದ್ದು ಇಲ್ಲಿಯೇ. ಸಾವಿರಾರು ಸಸಿಗಳಲ್ಲಿ ಕೆಲಸಕ್ಕೆ ಬಾರದವನ್ನು ಆರಂಭದಲ್ಲೇ ಕಿತ್ತೆಸೆಯಬಹುದು. ಉಳಿದವನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, 45 ಡಿಗ್ರಿಯಿಂದ 70ರವರೆಗೆ ಬಿಸಿ ಏರಿಸುತ್ತಾ ರಸ ತೆಗೆದು ಅಳೆಯುವುದನ್ನು ಯಾವ ಗುರುತೂ ತಪ್ಪಿಸಿಲ್ಲ.

ನಮ್ಮ ದೇಶದಲ್ಲಿ ಬಾರ್ಲಿ ಹಿಂಗಾರಿನ ಬೆಳೆ, ರಾಜಸ್ಥಾನ ಮತ್ತು ಉತ್ತರ ಪ್ರದೇಶಗಳಲ್ಲಿ ಹೆಚ್ಚು. ಕರ್ನಾಟಕದಲ್ಲಿ ಬೆಳೆ ಇಲ್ಲವೆನ್ನಬಹುದು, ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಬಳಕೆ ಮಾತ್ರ ಜೋರು. ಅಲ್ಲಿ ವಿಶೇಷ ಬಿಯರುಗಳಿಗೆ ಜರ್ಮನಿ, ಬೆಲ್ಜಿಯಂಗಳ ಮಾಲ್ಟ್ ತರಿಸಿಕೊಳ್ಳುತ್ತಾರೆ. ದೇಶದ ಬಾರ್ಲಿ ಸಂಶೋಧನೆಯ ಕೇಂದ್ರ ಹರಿಯಾಣದ ಕರ್ನಾಲ್‌ನಲ್ಲಿರುವ ಭಾರತೀಯ ಗೋಧಿ ಮತ್ತು ಬಾರ್ಲಿ ಸಂಶೋಧನಾ ಸಂಸ್ಥೆ. ಮೊದಲು ಇಲ್ಲಿ ಆರು ಸಾಲಿನ, ‘ಸತ್ತು’ ಎಂಬ ಹುರಿದ ಹಿಟ್ಟಿನ ಮತ್ತು ಮೇವಿನ ಬಾರ್ಲಿಯದೇ ರಾಜ್ಯ. ಈಗ ಡಿಡಬ್ಲ್ಯುಆರ್‌ಯುಬಿ 52, ಡಿಡಬ್ಲ್ಯುಆರ್‌ಬಿ 101, ಡಿಡಬ್ಲ್ಯುಆರ್‌ಬಿ 123 ಮುಂತಾದ ಎರಡು ಸಾಲಿನ ಮಾಲ್ಟ್ ತಳಿಗಳು ಹೊಲಕ್ಕಿಳಿದಿವೆ.

ಯುರೋಪಿನ ತಳಿಯನ್ನೇ ತಂದು ಬಿತ್ತಬಾರದೇಕೆ ಎಂದರೆ, ಅಲ್ಲಿನ ಕಾಳು ತಂಪಿನಲ್ಲಿ, ಉದ್ದನೆಯ ಹಗಲಿನಲ್ಲಿ ನಿಧಾನವಾಗಿ ತುಂಬುತ್ತದೆ. ಇಲ್ಲಿ ನವೆಂಬರಿನಲ್ಲಿ ಬಿತ್ತಿದ ಬೆಳೆಗೆ ಮಾರ್ಚಿನ ಬಿಸಿಗಾಳಿ ಬಡಿಯುವ ಮೊದಲೇ ಕಾಳು ತುಂಬಿ ಮುಗಿಯಬೇಕು. ತಡವಾಗಿ ಬಲಿಯುವ ತಳಿಯ ಕಾಳು ಸೊರಗುತ್ತದೆ. ಪಿಷ್ಟ ತುಂಬುವುದು ನಿಂತರೂ ಪ್ರೋಟೀನ್ ಆಗಲೇ ಬಂದು ಸೇರಿರುವುದರಿಂದ ಅದರ ಶೇಕಡಾವಾರು ಪ್ರಮಾಣ ಏರುತ್ತದೆ. ಬೇಗ ಬಲಿಯುವ ಜೀನ್, ಬಿಸಿಲಿನಲ್ಲೂ ದಪ್ಪ ಉಳಿಸಿಕೊಳ್ಳುವ ಜೀನ್ ಇಲ್ಲದೆ ಬರೀ ಒಳ್ಳೆಯ ಕಿಣ್ವದ ಜೀನುಗಳಿಂದ ಭಾರತದ ಮಾಲ್ಟ್ ಬಾರ್ಲಿ ಆಗದು. ಬಿತ್ತನೆ ನವೆಂಬರಿಗೇ ಮುಗಿಯಬೇಕು, ಯೂರಿಯಾ ಅರ್ಧ ಬಿತ್ತುವಾಗ ಮತ್ತು ಉಳಿದರ್ಧ ಮೊದಲ ನೀರಿನ ಹೊತ್ತಿಗೆ ಹಾಕಿ ನಿಲ್ಲಿಸಬೇಕು ಎಂಬ ಸಲಹೆಯ ಹಿಂದಿರುವುದೂ ಇದೇ ಲೆಕ್ಕ. ಹೂ ಬಿಟ್ಟ ಮೇಲೆ ಕೊಟ್ಟ ಸಾರಜನಕ ಇಳುವರಿಗಿಂತ ಪ್ರೋಟೀನಿಗೇ ಹೋಗುತ್ತದೆ.

ಹೀಗಿರುವಾಗ ಒಪ್ಪಂದದ ಮೇಲೆ ಮಾಲ್ಟ್ ಬಾರ್ಲಿ ಬೆಳೆಸುವ ವ್ಯವಸ್ಥೆಯಲ್ಲಿ ನ್ಯಾಯ ಎಲ್ಲಿದೆ ಎಂದು ನೋಡಬೇಕು. ತಳಿ ಕಂಪನಿ ಹೇಳಿದ್ದು, ಬೀಜ ಕಂಪನಿ ಕೊಟ್ಟದ್ದು. ಮಾರ್ಚಿನ ಬಿಸಿ ಯಾರ ಕೈಯಲ್ಲೂ ಇಲ್ಲ. ಆದರೂ ಪ್ರೋಟೀನ್ ಅರ್ಧ ಅಂಕ ಏರಿ ಲಾರಿ ಗೇಟಿನಿಂದ ತಿರುಗಿದರೆ ನಷ್ಟ ಪೂರ್ತಿ ಬೆಳೆದವನದು. ಜೀನಿನ ಪಾಲೆಷ್ಟು, ಹವೆಯ ಪಾಲೆಷ್ಟು ಎಂಬುದು ಕಂಪನಿಗೆ ಚೆನ್ನಾಗಿ ಗೊತ್ತು. ಪಾಸೋ ಫೇಲೋ ಎಂಬ ಎರಡೇ ಬೆಲೆಯ ಬದಲು ಪ್ರೋಟೀನ್ ಮತ್ತು ದಪ್ಪ ಕಾಳಿನ ಪ್ರಮಾಣಕ್ಕೆ ತಕ್ಕ ಮೆಟ್ಟಿಲು ಬೆಲೆಯನ್ನು ಬಿತ್ತನೆಗೆ ಮೊದಲೇ ಒಪ್ಪಂದದಲ್ಲಿ ಬರೆಯುವುದು ಅದಕ್ಕೆ ಕಷ್ಟವೇನಲ್ಲ. ಸಹಿ ಹಾಕುವ ಮುನ್ನ ರೈತರು ಅದನ್ನು ಕೇಳಿ ಬರೆಸಿಕೊಳ್ಳಬೇಕು.